ಪುಟ್ಟಿಗೆ ಯಾವ ಪುಸ್ತಕ ಕೊಡಬೇಕು?

ಮಾಯಕೊಂಡ

ಪ್ರೀತಿಯ ಅಕ್ಕನಿಗೆ,

ಪಿಯುಸಿಗೆ ಬಂದ ನಿನ್ನ ಮಗಳು ಪುಟ್ಟಿ ಬರೀ ಹೆದರಿಕೆ ಹುಟ್ಟಿಸುವ ಕಾದಂಬರಿಗಳನ್ನೇ ಕೇಳುತ್ತಾಳೆ, ಕೊಡಲೋ ಬೇಡವೋ ಎಂದು ನೀನು ಬರೆದಿದ್ದೆ. ಇಲ್ಲಿ ತೋಟಕ್ಕೆ ತ್ರೀಫೇಸ್ ಕರೆಂಟ್ ಬರುವುದು ರಾತ್ರಿಯೇ. ಮೋಟಾರು ಕಾಯುತ್ತ ಕೂತಾಗ ಅಂಥವೇ ಕೆಲವನ್ನು ಓದಿದೆ.

ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ನಿನಗೂ ಗೊತ್ತು. ತೆಲುಗಿನಿಂದ ಕನ್ನಡಕ್ಕೆ ಬಂದು, 1985ರಲ್ಲಿ ಸಿನಿಮಾನೂ ಆಯಿತು. ಪುಟ್ಟ ಹುಡುಗಿಯ ಮೇಲೆ ಕಾಶ್ಮೋರ ಎಂಬ ಕ್ಷುದ್ರಪ್ರಯೋಗ. ಹಿಡಿದರೆ ಕೆಳಗಿಡಲು ಮನಸ್ಸಾಗುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಮಾತ್ರ ದುಡ್ಡಿಗಾಗಿ ಒಂದು ಮಗುವಿನ ಸಾವು ಬಯಸುವ ದೊಡ್ಡವರು. ಮಗುವನ್ನು ಉಳಿಸಿದ್ದು ವೈದ್ಯವೋ ಮಂತ್ರವೋ ಎನ್ನುವುದನ್ನು ಕಾದಂಬರಿ ಓದುಗರಿಗೇ ಬಿಡುತ್ತದೆ. ನನ್ನ ತಕರಾರು ಇರುವುದೂ ಅಲ್ಲೇ. ವಾಮಾಚಾರ ತಡೆಯಲು 2017ರಲ್ಲಿ ಕಾನೂನನ್ನೇ ಮಾಡಬೇಕಾಗಿ ಬಂದ ರಾಜ್ಯ ನಮ್ಮದು. ಇಂಥ ವಿಷಯದಲ್ಲಿ ಬರೆಯುವವರು ಅಡ್ಡಗೋಡೆಯ ಮೇಲೆ ದೀಪ ಇಡಬಾರದು.

ಜಾರ್ಜ್ ಆರ್ವೆಲ್‌ನ ‘1984’ ಬಂದದ್ದು 1949ರಲ್ಲಿ. ಅದರಲ್ಲಿ ದೆವ್ವ ಭೂತ ಏನೂ ಇಲ್ಲ. ಮನೆಯ ಗೋಡೆಯ ಪರದೆಯಿಂದಲೇ ಸರ್ಕಾರ ಜನರನ್ನು ನೋಡುತ್ತಿರುತ್ತದೆ, ಹಳೆಯ ಪೇಪರಿನ ಸುದ್ದಿಗಳನ್ನೂ ತನಗೆ ಬೇಕಾದಂತೆ ತಿದ್ದಿಸುತ್ತದೆ. ಪಾರ್ಸನ್ಸ್ ಎಂಬ ಬಡಪಾಯಿ ನಿದ್ದೆಯಲ್ಲಿ ಸರ್ಕಾರದ ವಿರುದ್ಧ ಕನವರಿಸುತ್ತಾನೆ. ಏಳು ವರ್ಷದ ಮಗಳು ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಅಪ್ಪನನ್ನೇ ಹಿಡಿದುಕೊಡುತ್ತಾಳೆ. ಅವನೋ ಜೈಲಿನಲ್ಲಿ ಕೂತು, ಮಗಳನ್ನು ಚೆನ್ನಾಗಿ ಬೆಳೆಸಿದ್ದೇನೆ ಎಂದು ಹೆಮ್ಮೆಪಡುತ್ತಾನೆ! ಅಲ್ಲಿ ಪುಸ್ತಕ ಮುಚ್ಚಿ, ಎದ್ದು ಹೋಗಿ ಮಲಗಿದ್ದ ಮಕ್ಕಳ ಮುಖ ನೋಡಿ ಬಂದೆ.

ಇವೆರಡಕ್ಕಿಂತ ಹತ್ತಿರದ ಭಯ ತೇಜಸ್ವಿಯವರ ‘ಚಿದಂಬರ ರಹಸ್ಯ’ದ್ದು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಅದು. ಕೆಸರೂರಿನ ಸುತ್ತ ಕಳೆ ಬೆಳೆಯುತ್ತಿರುತ್ತದೆ, ಊರೊಳಗೆ ಜಾತಿ ಧರ್ಮದ ದ್ವೇಷ ಬೆಳೆಯುತ್ತಿರುತ್ತದೆ. ರಫಿ, ಜಯಂತಿಯರ ಪ್ರೀತಿಯನ್ನು ಊರು ಸಹಿಸುವುದಿಲ್ಲ. ಕೊನೆಗೆ ಬೆಂಕಿ ಬೀಳುತ್ತದೆ. ಆ ಕೆಸರೂರು ನಮ್ಮ ಕಡೆಯ ಯಾವ ಊರಾದರೂ ಆಗಬಹುದು ಅಕ್ಕ. ಉಳಿದ ಎರಡು ಪುಸ್ತಕಗಳಲ್ಲಿ ಕೇಡು ಮಾಡುವವರು ಇಂಥವರೇ ಎಂದು ಬೆರಳು ತೋರಿಸಬಹುದು. ಇಲ್ಲಿ ಕಳೆ ಬೆಳೆಯಲು ಬಿಟ್ಟವರು ಊರಿನವರೆಲ್ಲ. ಅದಕ್ಕೇ ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಕಾದಂಬರಿ.

ಪುಟ್ಟಿಯ ಕೈಯಿಂದ ಪುಸ್ತಕ ಕಸಿಯಬೇಡ. ಭಯ ಎಲ್ಲಿಂದ ಹುಟ್ಟುತ್ತದೆ ಎಂದು ಓದಿ ತಿಳಿದ ಹುಡುಗಿಯನ್ನು ಯಾರೂ ಸುಲಭಕ್ಕೆ ಹೆದರಿಸಲಾರರು. ಮೊದಲು ತೇಜಸ್ವಿಯವರನ್ನು ಕೊಡು, ಆಮೇಲೆ ಆರ್ವೆಲ್. ‘ತುಳಸಿದಳ’ ಓದುವಾಗ ಮಾತ್ರ ನೀನೂ ಜೊತೆಗೆ ಓದು, ಮಾಟ ಮಂತ್ರದ ಬಗ್ಗೆ ಅವಳ ಹತ್ತಿರ ಬಿಚ್ಚಿ ಮಾತಾಡು. ಓದಿ ಅವಳಿಗೆ ಏನನ್ನಿಸಿತೋ ಅವಳ ಕೈಯಲ್ಲೇ ನನಗೆ ಕಾಗದ ಬರೆಸು.

ಇಂತಿ ನಿನ್ನ ಪ್ರೀತಿಯ ತಂಗಿ