ಬೆಳ್ಳಿಯ ಕೊರಳಪಟ್ಟಿ

ಕಳೆದ ಕಾರ್ತಿಕದಲ್ಲಿ ನಮ್ಮ ಮನೆಯ ಬೆಕ್ಕು ಬೆಳ್ಳಿಗೆ ಸಂತಾನಶಕ್ತಿಹರಣದ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಎರಡು ಸಲ ಅಟ್ಟದ ಮೇಲೆ ಮರಿ ಹಾಕಿತ್ತು. ಎರಡು ಸಲವೂ ಅವು ಅಂಗಳಕ್ಕಿಳಿದ ಕೂಡಲೇ ಬೀದಿನಾಯಿಗಳ ಪಾಲಾದವು. "ಸಾಕ್ರೀ ಇನ್ನ, ಈ ಸಂಕಟ ನನಗ ನೋಡಾಕ ಆಗೂದಿಲ್ಲ" ಎಂದು ನಮ್ಮ ಮನೆಯವರು ಹೇಳಿದ ಮೇಲೆ ಬುಟ್ಟಿಯಲ್ಲಿ ಹಾಕಿಕೊಂಡು ಬೈಲಹೊಂಗಲಕ್ಕೆ ಹೋಗಿ ಬಂದೆ.

ಮರಳುವಾಗ ಬೆಳ್ಳಿಯ ಕೊರಳಲ್ಲಿ ಪ್ಲಾಸ್ಟಿಕ್ಕಿನ ಆಲಿಕೆಯಂಥದೊಂದು ಪಟ್ಟಿ ಇತ್ತು. ಎಲಿಜಬೆತನ್ ಕಾಲರ್ ಎಂದು ಅದರ ಹೆಸರು. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಸಿರಿವಂತರು ಗಂಜಿ ಹಾಕಿ ಸೆಟೆಸಿದ ನಿರಿಗೆಪಟ್ಟಿಯನ್ನು ಕೊರಳ ಸುತ್ತ ಧರಿಸುತ್ತಿದ್ದರಷ್ಟೆ. 1600ರ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟವಳೂ ಆಕೆಯೇ. ಆ ಕಂಪನಿಯ ವಿರುದ್ಧ ಕತ್ತಿ ಹಿಡಿದು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಊರಿನ ಬೆಕ್ಕು ಆಕೆಯ ಹೆಸರಿನ ಪಟ್ಟಿಯನ್ನು ಒಪ್ಪೀತೇ ಎಂದು ನಾನು ನಗೆಯಾಡಿದೆ. ನನ್ನ ಇತಿಹಾಸದ ತರಗತಿಯಲ್ಲಿ ಕುಳಿತವರಿಗೆ ಈ ಮಾಸ್ತರನ ಚಾಳಿ ಗೊತ್ತೇ ಇದೆ.

ನಗೆ ರಾತ್ರಿಯವರೆಗೆ ಉಳಿಯಲಿಲ್ಲ. ಪಟ್ಟಿ ನಾಯಿಮರಿಯ ಅಳತೆಯದು. ಬೆಳ್ಳಿ ಬಾಗಿಲಿಗೆ ಬಡಿದುಕೊಂಡಿತು, ಹಾಲಿನ ಬಟ್ಟಲಿಗೆ ಬಾಯಿ ಎಟಕದೆ ಹಿಂದೆ ಹಿಂದೆ ಸರಿಯಿತು, ಕೊನೆಗೆ ಮೂಲೆಯಲ್ಲಿ ಮುಖ ತಗ್ಗಿಸಿ ಕುಳಿತುಬಿಟ್ಟಿತು. ಹತ್ತು ಗಂಟೆಗೆ ನನ್ನ ಮನಸ್ಸು ತಡೆಯಲಿಲ್ಲ. ಒಂದು ರಾತ್ರಿಗೇನಾದೀತು ಎಂದು ಬಿಚ್ಚಿದೆ. ಹೊಟ್ಟೆ ತುಂಬ ಹಾಲು ಕುಡಿದು ನನ್ನ ಕಾಲ ಬಳಿ ಮಲಗಿತು. ನಾನು ಮಹಾ ಕರುಣಾಳುವಿನಂತೆ ನಿದ್ರೆ ಹೋದೆ.

ಬೆಳಗಿನ ಜಾವ ಎದ್ದು ನೋಡಿದರೆ ಚಾದರದ ಮೇಲೆ ರಕ್ತ. ಪಕ್ಕೆಯ ಹೊಲಿಗೆ ಎರಡು ಕಡೆ ಬಿಟ್ಟಿತ್ತು. ಮನೆಯವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಮತ್ತೆ ಬುಟ್ಟಿ, ಮತ್ತೆ ಬೈಲಹೊಂಗಲ, ಮತ್ತೆ ಅರಿವಳಿಕೆ.

ಆ ದಿನ ವೈದ್ಯರು ನನ್ನನ್ನು ವಿದ್ಯಾರ್ಥಿಯಂತೆ ಕೂಡಿಸಿ ಪಾಠ ಹೇಳಿದರು. ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಗಡುಸಾದ ಮುಳ್ಳುಗಳಿವೆ. ಅದು ನೆಕ್ಕುವುದೆಂದರೆ ಗಾಯಕ್ಕೆ ಅರ ಹಾಕಿ ಉಜ್ಜಿದಂತೆ. ಪಟ್ಟಿಯ ಅಂಚು ಮೂಗಿನ ತುದಿಯನ್ನು ಸ್ವಲ್ಪವೇ ದಾಟಿರಬೇಕು. ಅದಕ್ಕಿಂತ ಉದ್ದವಾದರೆ ಉಣ್ಣಲಾರದು, ಗಿಡ್ಡವಾದರೆ ಗಾಯಕ್ಕೆ ಬಾಯಿ ಎಟಕುತ್ತದೆ. ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ಹಿಡಿಯುವಷ್ಟು ಸಡಿಲವಿರಬೇಕು. ಗಾಳಿ ತುಂಬುವ ಉಂಗುರದಂಥ ಪಟ್ಟಿ ನೋಡಲು ಮೆತ್ತಗಿದ್ದರೂ, ಬಿಲ್ಲಿನಂತೆ ಬಾಗಬಲ್ಲ ಬೆಕ್ಕಿಗೆ ಪಕ್ಕೆಯ ಗಾಯ ನೆಕ್ಕುವುದು ಅದರಿಂದ ಕಷ್ಟವಾಗಲಿಕ್ಕಿಲ್ಲವಂತೆ. ಎಡೆ ಹೊಡೆಯುವಾಗ ಎತ್ತಿನ ಬಾಯಿಗೆ ಹಗ್ಗದ ಬಲೆ ಕಟ್ಟುವ ನಮ್ಮ ರೈತ ಎತ್ತಿನ ಮೂತಿಯ ಅಳತೆ ನೋಡಿಯೇ ಹೆಣೆಯುತ್ತಾನೆ. ಇದೆಲ್ಲ ಕಂಡು ಬೆಳೆದ ನನಗೆ ಅಳತೆಯ ವಿಚಾರವೇ ಹೊಳೆದಿರಲಿಲ್ಲ.

ಹಗುರವಾದ, ಬಟ್ಟೆಯ ಪಟ್ಟಿಯೊಂದನ್ನು ಆರಿಸಿದೆವು. ಒಳಗೆ ತೆಳುವಾದ ಸ್ಪಂಜು, ಅಂಚಿಗೆ ಮೆತ್ತನೆಯ ಗೋಟು. ಗೋಡೆಗೆ ತಾಗಿದರೆ ಬಾಗುತ್ತದೆ, ಸದ್ದಿಲ್ಲ. ಮನೆಯವರು ಬಟ್ಟಲು ತೆಗೆದು ಚಪ್ಪಟೆ ತಟ್ಟೆಯಲ್ಲಿ ಅನ್ನ–ಹಾಲು ಇಟ್ಟರು. ಮೊದಲ ದಿನ ಬೆಳ್ಳಿ ಹಿಂದಕ್ಕೆ ನಡೆಯಿತು, ಎರಡನೆಯ ದಿನ ಉಂಡಿತು, ಮೂರನೆಯ ದಿನ ಪಟ್ಟಿಯನ್ನೇ ತಲೆದಿಂಬು ಮಾಡಿಕೊಂಡು ಬಿಸಿಲಿಗೆ ಮಲಗಿತು. ನಾನು ಮಾತ್ರ ರಾತ್ರಿ ಎರಡೆರಡು ಸಲ ಎದ್ದು, ಟಾರ್ಚು ಹಿಡಿದು ಹೊಲಿಗೆ ನೋಡುತ್ತಿದ್ದೆ.

ಹದಿನಾಲ್ಕನೆಯ ದಿನ ಹೊಲಿಗೆ ಬಿಚ್ಚಿಸಿ ಪಟ್ಟಿ ತೆಗೆದೆವು. ಬೆಳ್ಳಿ ಒಂದು ತಾಸು ಎಡೆಬಿಡದೆ ಮೈ ನೆಕ್ಕಿಕೊಂಡಿತು. ಪಟ್ಟಿಯನ್ನು ತೊಳೆದು ನನ್ನ ಕೊಡೆಯ ಪಕ್ಕದ ಮೊಳೆಗೆ ತೂಗುಹಾಕಿದ್ದೇವೆ. ಎದುರು ಮನೆಯ ಹುಡುಗಿ ತನ್ನ ಬೆಕ್ಕಿಗೆಂದು ಕೇಳಿ ಹೋಗಿದ್ದಾಳೆ. ಮೊದಲು ಅದರ ಕೊರಳಿನ ಅಳತೆ ತೆಗೆದುಕೊಂಡು ಬಾ ಎಂದು ಹೇಳಿ ಕಳಿಸಿದ್ದೇನೆ.