ಕಣದ ಮಣ್ಣು, ದಿಲ್ಲಿಯ ಮನ್ನಣೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ಗೆದ್ದ ಮಲ್ಲನಿಗೆ ಮೈಗೆ ಮೆತ್ತಿದ ಕೆಮ್ಮಣ್ಣು ಒಣಗುವ ಮೊದಲೇ ಮನ್ನಣೆ ಸಲ್ಲುತ್ತದೆ. ರುಮಾಲು, ಬೆಳ್ಳಿಯ ಕಡಗ, ಹಿರಿಯರು ಕೈಗಿಡುವ ನೋಟು. ಬೆಲೆ ಅಲ್ಪವಾದರೂ ಅಲ್ಲಿ ವಿಳಂಬವೆಂಬುದಿಲ್ಲ.

ರಾಷ್ಟ್ರದ ಮನ್ನಣೆಯ ಲೆಕ್ಕ ಬೇರೆ. ನಿಪ್ಪಾಣಿಗೆ ನೆರೆಯದಾದ ಕೊಲ್ಲಾಪುರದಲ್ಲಿ ಓದಿ ಪಳಗಿದ ಖಾಶಾಬಾ ಜಾಧವರ ಬಾಳು ಅದಕ್ಕೆ ಸಾಕ್ಷಿ. ಅವರ ಹುಟ್ಟೂರು ಕರಾಡದ ಬಳಿಯ ಗೋಳೇಶ್ವರ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಅವರಿಗೆ ಆರನೆಯ ಸ್ಥಾನ ದೊರೆತಿತ್ತು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿಲ್ಲದೆ ವಂತಿಗೆ ಎತ್ತಬೇಕಾಯಿತು. ಅದೂ ಸಾಲದಾದಾಗ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದರು. ಶಿಷ್ಯನು ಗೆದ್ದೇ ಬರುವನೆಂಬ ಖಾತರಿ ಅವರಿಗೂ ಇದ್ದಿರಲಾರದು. ದಾನದ ಮಾತು ಬಂದಾಗ ನೆನೆಯಬೇಕಾದ ಹೆಸರಿದು.

ಜಾಧವರು ಕಂಚಿನ ಪದಕದೊಡನೆ ಮರಳಿದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ದೊರೆತ ಮೊದಲ ವೈಯಕ್ತಿಕ ಪದಕವದು. ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಊರು ಅವರನ್ನು ಬರಮಾಡಿಕೊಂಡಿತು. ದೇಶದ ಪ್ರಶಸ್ತಿ ಬರಲಿಲ್ಲ. ಆಗ ಅಂಥದೊಂದು ಇರಲೂ ಇಲ್ಲವೆನ್ನಬಹುದು. ಆದರೆ 1961ರಲ್ಲಿ ಅರ್ಜುನ ಪ್ರಶಸ್ತಿ ಆರಂಭವಾದ ಮೇಲೆಯೂ ಜಾಧವರು ಇಪ್ಪತ್ತಮೂರು ವರ್ಷ ಬದುಕಿದ್ದರು. ಪೊಲೀಸ್ ಇಲಾಖೆಯಲ್ಲಿ ದುಡಿದು, ನಿವೃತ್ತರಾಗಿ, ಪಿಂಚಣಿಗಾಗಿ ಹೆಣಗಿ, 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಕ್ರೀಡೆಯ ಅತ್ಯುಚ್ಚ ಪುರಸ್ಕಾರವಾದ ಖೇಲ್ ರತ್ನ ಹುಟ್ಟಿದ್ದು 1991-92ರಲ್ಲಿ. ಮೊದಲು ಪಡೆದವರು ಚದುರಂಗದ ವಿಶ್ವನಾಥನ್ ಆನಂದ್. ಜಾಧವರ ತರುವಾಯ ನಲವತ್ತನಾಲ್ಕು ವರ್ಷಕ್ಕೆ, 1996ರಲ್ಲಿ, ಟೆನಿಸ್‌ನ ಲಿಯಾಂಡರ್ ಪೇಸ್ ವೈಯಕ್ತಿಕ ಪದಕ ತಂದರು. ಅದೂ ಕಂಚಿನದೇ. ಅವರಿಗೆ 1996-97ರ ಖೇಲ್ ರತ್ನ ಸಂದಿತು, ಸಲ್ಲಬೇಕಾದುದೇ. ಈ ಪ್ರಶಸ್ತಿ ಈಚಿನ ಸಾಧನೆಯನ್ನಷ್ಟೇ ಅಳೆಯುವುದರಿಂದ ಹಳಬರಿಗೆ ಅದರಲ್ಲಿ ಎಡೆಯಿಲ್ಲ. 2021ರಿಂದ ಅದು ಹೊತ್ತಿರುವ ಹೆಸರು ಧ್ಯಾನ್ ಚಂದರದು. ಅವರೂ ಪ್ರಶಸ್ತಿ ಹುಟ್ಟುವ ಮುನ್ನವೇ, 1979ರಲ್ಲಿ, ಗತಿಸಿದವರು.

ಜಾಧವರ ಹೆಸರಿಗೆ ಅರ್ಜುನ ಪ್ರಶಸ್ತಿ ಘೋಷಣೆಯಾದದ್ದು 2000ದ ಸಾಲಿನಲ್ಲಿ. ಹೆಲ್ಸಿಂಕಿಯಿಂದ ಮರಳಿದವರು ಮಾತ್ರ ತಮ್ಮ ಋಣಕ್ಕೆ ಅಷ್ಟು ಕಾಲ ತೆಗೆದುಕೊಳ್ಳಲಿಲ್ಲ: ಕುಸ್ತಿಯ ಪಂದ್ಯಗಳನ್ನು ಏರ್ಪಡಿಸಿ, ತಾವೇ ಕಣಕ್ಕಿಳಿದು, ಬಂದ ಹಣವನ್ನು ಖರ್ಡೇಕರರಿಗೆ ಒಪ್ಪಿಸಿದರು.