ನೆರೆಯವರ ವಿಶ್ವಾಸ, ನಮ್ಮ ನಾಲಿಗೆ

ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯನ್ನು ನಾವೆಲ್ಲರೂ ಬಾಲ್ಯದಲ್ಲೇ ಬಾಯಿಪಾಠ ಮಾಡಿದ್ದೇವೆ. ಅದು ನ್ಯಾಯಾಲಯದ ಕಟಕಟೆಗೆ ಮಾತ್ರ ಸಲ್ಲುವುದಲ್ಲ. ಪರರ ವಿಶ್ವಾಸದ ಕುರಿತು ನಾವಾಡುವ ಮಾತಿಗೂ ಅದು ಅನ್ವಯಿಸುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ ಕಡೆಯ ನಮ್ಮ ಮಕ್ಕಳು ಉದ್ಯೋಗವನ್ನರಸಿ ಬೆಂಗಳೂರು ಸೇರುತ್ತಿದ್ದಾರೆ. ಬಿಳಿ ಅಂಗಿ ತೊಟ್ಟು, ಎದೆಗೆ ಹೆಸರುಪಟ್ಟಿ ಧರಿಸಿ, ಇಬ್ಬಿಬ್ಬರಾಗಿ ಸಂಚರಿಸುವ ಮಾರ್ಮನ್ ಪ್ರಚಾರಕರು ಅಲ್ಲಿ ಅವರಿಗೆ ಎದುರಾಗಬಹುದು. ಈ ಪಂಥ 1993ರಲ್ಲಿ ಬೆಂಗಳೂರಿನಲ್ಲಿ ತನ್ನ ಮಿಷನ್ ಸ್ಥಾಪಿಸಿತು. ಭಾರತದಲ್ಲಿ ತನ್ನ ಮೊದಲ ಮಹಾದೇವಾಲಯವನ್ನು ಅಲ್ಲಿಯೇ ಕಟ್ಟುವುದಾಗಿ 2018ರಲ್ಲಿ ಘೋಷಿಸಿ, 2020ರಲ್ಲಿ ಕಾಮಗಾರಿ ಆರಂಭಿಸಿತು. ಹೀಗಿರುವಾಗ, "ಇವರು ಯಾರು? ಕ್ರೈಸ್ತರೇ?" ಎಂದು ತಂದೆತಾಯಿಗಳು ಕೇಳುವುದು ಸಹಜ.

ಅಮೆರಿಕದ ಇವ್ಯಾಂಜಲಿಕಲ್ ಕ್ರೈಸ್ತರು ಈ ಪ್ರಶ್ನೆಗೆ ಬಹುಕಾಲದಿಂದ ಕಟುವಾಗಿ ಉತ್ತರಿಸುತ್ತಾ ಬಂದಿದ್ದಾರೆ. 1965ರಲ್ಲಿ ವಾಲ್ಟರ್ ಮಾರ್ಟಿನ್ ಬರೆದ ಗ್ರಂಥ ಮಾರ್ಮನರನ್ನು ಹುಸಿಪಂಥಗಳ ಸಾಲಿಗೆ ಸೇರಿಸಿತು. 1982ರಲ್ಲಿ ತೆರೆಕಂಡ ಚಿತ್ರವೊಂದು ಅವರ ಪವಿತ್ರ ವಿಧಿಗಳನ್ನು ಕುಚೋದ್ಯಕ್ಕೆ ಈಡುಮಾಡಿತು. ಈ ಟೀಕೆಗಳು ನ್ಯಾಯವೇ?

ಕೆಲವು ನ್ಯಾಯವೇ ಸರಿ. ಪಿತ, ಸುತ, ಪವಿತ್ರಾತ್ಮರು ಮೂರು ಪ್ರತ್ಯೇಕ ಅಸ್ತಿತ್ವಗಳು, ಪಿತದೇವರಿಗೂ ಮಾಂಸಮೂಳೆಗಳ ದೇಹವುಂಟು ಎಂದು ಮಾರ್ಮನರು ಬೋಧಿಸುತ್ತಾರೆ. ಇದು ನಮ್ಮ ವಿಶ್ವಾಸವಲ್ಲ. ಅವರ ಸ್ಥಾಪಕ ಜೋಸೆಫ್ ಸ್ಮಿತ್, ಅಬ್ರಹಾಮನ ಬರಹವೆಂದು ಭಾಷಾಂತರಿಸಿದ ಈಜಿಪ್ಟಿನ ಹಾಳೆಗಳ ಭಾಗಗಳು 1967ರಲ್ಲಿ ಬೆಳಕಿಗೆ ಬಂದಾಗ, ಅವು ಶವಸಂಸ್ಕಾರದ ಪಠ್ಯಗಳೆಂದು ವಿದ್ವಾಂಸರು ಗುರುತಿಸಿದರು. ಇಂತಹ ಪ್ರಶ್ನೆಗಳನ್ನು ಎತ್ತುವುದು ದ್ವೇಷವಲ್ಲ. ಪ್ರೇಷಿತರ ನಂತರ ಧರ್ಮಸಭೆಯೇ ದಾರಿ ತಪ್ಪಿತೆಂದು ಅವರೂ ನಮ್ಮನ್ನು ಕುರಿತು ಬೋಧಿಸುತ್ತಾರೆ. ಹಾಗಾಗಿ ಉತ್ತರಿಸುವ ಹಕ್ಕು ನಮಗುಂಟು.

ಆದರೆ ಇನ್ನು ಕೆಲವು ಟೀಕೆಗಳು ಅನ್ಯಾಯ. ಬಹುಪತ್ನಿತ್ವಕ್ಕೆ 1890ರಲ್ಲಿ ವಿದಾಯ ಘೋಷಿಸಿ, ಇಂದು ಅದನ್ನು ಆಚರಿಸುವವರನ್ನು ಬಹಿಷ್ಕರಿಸುವ ಸಭೆಯನ್ನು "ಅನೇಕ ಹೆಂಡಿರ ಪಂಥ"ವೆಂದು ಹಳಿಯುವುದು ಸುಳ್ಳುಸಾಕ್ಷಿ. ಸಾಮಾನ್ಯ ವಿಶ್ವಾಸಿಯ ಪ್ರಾರ್ಥನೆಯನ್ನು, ಉಪವಾಸವನ್ನು ಕಪಟವೆನ್ನುವುದೂ ಸುಳ್ಳುಸಾಕ್ಷಿಯೇ. ನಿಂದೆ ಯಾವಾಗಲೂ ಮಾತಿನಲ್ಲಿಯೇ ನಿಲ್ಲುವುದಿಲ್ಲ. 1838ರಲ್ಲಿ ಮಿಸ್ಸೌರಿ ರಾಜ್ಯದ ರಾಜ್ಯಪಾಲನು ಮಾರ್ಮನರನ್ನು ನಿರ್ಮೂಲಗೊಳಿಸಬೇಕು ಇಲ್ಲವೇ ರಾಜ್ಯದಿಂದ ಹೊರಗಟ್ಟಬೇಕು ಎಂದು ಆಜ್ಞೆ ಹೊರಡಿಸಿದ. ಅದು ರದ್ದಾದದ್ದು 1976ರಲ್ಲಿ. ಸ್ಮಿತ್ ಸೆರೆಮನೆಯಲ್ಲಿದ್ದಾಗಲೇ, 1844ರಲ್ಲಿ, ಉದ್ರಿಕ್ತ ಗುಂಪಿನ ಗುಂಡಿಗೆ ಬಲಿಯಾದ.

ಕಥೋಲಿಕರಾದ ನಮಗೆ ಈ ನೋವು ಹೊಸತಲ್ಲ. ನಾವು ಮಾತೆ ಮರಿಯಮ್ಮನವರನ್ನು ದೇವರೆಂದು ಆರಾಧಿಸುತ್ತೇವೆ, ಪ್ರತಿಮೆಗಳನ್ನು ಪೂಜಿಸುತ್ತೇವೆ ಎಂಬ ಆರೋಪಗಳನ್ನು ಕೇಳುತ್ತಲೇ ಬಂದಿದ್ದೇವೆ. ನಮ್ಮ ದೇಶನೂರಿನ ಸ್ನಾನಿಕ ಅರುಳಪ್ಪನವರ ವಿರಕ್ತ ಮಠವನ್ನೇ ನೋಡಿರಿ. ಅಲ್ಲಿನ ಕಾವಿಯನ್ನಷ್ಟೇ ಕಂಡು ತೀರ್ಪು ನೀಡುವವರಿಗೆ ಒಳಗಿನ ವಿಶ್ವಾಸ ಕಾಣುವುದೆಂತು?

ಹಾಗಾದರೆ ಮಾರ್ಗ ಯಾವುದು? ಮಾರ್ಮನರ ಸ್ನಾನದೀಕ್ಷೆ ಸಿಂಧುವಲ್ಲವೆಂದು ವ್ಯಾಟಿಕನ್ 2001ರಲ್ಲಿ ಸ್ಪಷ್ಟಪಡಿಸಿತು. ಉಚ್ಚರಿಸುವ ಪದಗಳು ಒಂದೇ ಆದರೂ ಅವುಗಳ ಅರ್ಥ ಬೇರೆಯೆಂಬುದು ಕಾರಣ. ಅದರಲ್ಲಿ ಅಸ್ಪಷ್ಟತೆಯೂ ಇಲ್ಲ, ಬೈಗುಳವೂ ಇಲ್ಲ. ಲೂಥರನ್ ಧರ್ಮಾಧ್ಯಕ್ಷ ಕ್ರಿಸ್ಟರ್ ಸ್ಟೆಂಡಾಲ್ 1985ರಲ್ಲಿ ಸ್ಟಾಕ್‌ಹೋಮಿನ ಮಾರ್ಮನ್ ದೇವಾಲಯಕ್ಕೆ ವಿರೋಧ ಎದ್ದಾಗ ಕೊಟ್ಟ ಬುದ್ಧಿಮಾತೂ ಸ್ಮರಣೀಯ: ಒಂದು ಧರ್ಮವನ್ನು ಅರಿಯಲು ಅದರ ವಿಶ್ವಾಸಿಗಳನ್ನೇ ಕೇಳಬೇಕು, ನಮ್ಮಲ್ಲಿನ ಅತ್ಯುತ್ತಮವನ್ನು ಅವರಲ್ಲಿನ ಅತಿ ಕೀಳಿನೊಂದಿಗೆ ಹೋಲಿಸಬಾರದು. 2004ರಲ್ಲಿ ಇವ್ಯಾಂಜಲಿಕಲ್ ಪಂಡಿತ ರಿಚರ್ಡ್ ಮೌ ಮಾರ್ಮನರ ಸಾಲ್ಟ್ ಲೇಕ್ ನಗರದಲ್ಲಿಯೇ ನಿಂತು, ತಮ್ಮವರು ಅವರ ಕುರಿತು ಸುಳ್ಳುಸಾಕ್ಷಿ ನುಡಿದುದನ್ನು ಒಪ್ಪಿಕೊಂಡರು. ಅದರಿಂದ ಅವರ ಸ್ವಂತ ವಿಶ್ವಾಸ ಕುಂದಲಿಲ್ಲ.

ಪ್ರಿಯ ತಂದೆತಾಯಿಗಳೇ, ಊರು ಬಿಡುವ ಮಕ್ಕಳಿಗೆ ಪರರ ನಿಂದೆಯನ್ನು ಬುತ್ತಿ ಕಟ್ಟಿಕೊಡಬೇಡಿರಿ. ಪವಿತ್ರ ತ್ರಿತ್ವವೆಂದರೇನು, ತಾವು ಪಡೆದ ಸ್ನಾನದೀಕ್ಷೆ ಏನು ಎಂಬುದನ್ನು ಮನೆಯಲ್ಲಿಯೇ ಕಲಿಸಿರಿ. ತನ್ನ ವಿಶ್ವಾಸವನ್ನು ಚೆನ್ನಾಗಿ ಬಲ್ಲವನು ಬಾಗಿಲಿಗೆ ಬಂದವರಿಗೆ ನೀರು ಕೊಟ್ಟು, ಮಾತು ಆಲಿಸಿ, ತನ್ನ ಭಿನ್ನಾಭಿಪ್ರಾಯವನ್ನು ನೇರವಾಗಿ, ವಿನಯದಿಂದ ಹೇಳಬಲ್ಲನು.